ದಶಪಥದಲ್ಲಿ ಸುಖ, ಊರೊಳಗೆ ಕುಲುಕಾಟ: ಐಷಾರಾಮಿ ಕಾರಿಗೆ ಕಂಫರ್ಟ್ ಸಸ್ಪೆನ್ಷನ್ ಬೇಕಾ, ಸ್ಪೋರ್ಟ್ ಬೇಕಾ?

ರಾಮನಗರ: ಐವತ್ತು, ಅರವತ್ತು ಲಕ್ಷ ಕೊಟ್ಟು ಕಾರು ತಗೊಳ್ಳುವವರು ಜಿಲ್ಲೆಯಲ್ಲಿ ಈಗ ಅಪರೂಪ ಏನಲ್ಲ. ರೇಷ್ಮೆ ವ್ಯಾಪಾರ, ಕ್ರಷರ್, ಬಿಡದಿ ಕಡೆಯ ಬಾಡಿಗೆ, ಜಮೀನು ಮಾರಿದ ದುಡ್ಡು ಹೀಗೆ ದಾರಿ ಹಲವು. ಶೋರೂಮಿಗೆ ಹೋದವರು ಬಣ್ಣ ನೋಡ್ತಾರೆ, ಸನ್‌ರೂಫ್ ನೋಡ್ತಾರೆ, ಸ್ಕ್ರೀನ್ ಎಷ್ಟು ಇಂಚು ಅಂತ ಕೇಳ್ತಾರೆ. ಸಸ್ಪೆನ್ಷನ್ ಯಾವುದು ಅಂತ ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಒಂದೇ: "ಸ್ಪೋರ್ಟ್ ಸರ್, ಟಾಪ್ ಎಂಡು."

ಟೆಸ್ಟ್ ಡ್ರೈವ್ ನಡೆಯುವುದು ಬೆಂಗಳೂರಿನ ನುಣುಪಾದ ರಸ್ತೆಯಲ್ಲಿ. ಓಡಿಸುವವರು ನೀವು, ಪಕ್ಕದಲ್ಲಿ ಸೇಲ್ಸ್ ಹುಡುಗ, ಹಿಂದಿನ ಸೀಟು ಖಾಲಿ. ಕಾರು ಮನೆಗೆ ಬಂದ ಮೇಲೆ ಮೊದಲ ಭಾನುವಾರ ಅಪ್ಪ ಅಮ್ಮನ್ನ ಹಿಂದೆ ಕೂರಿಸಿಕೊಂಡು ಕಬ್ಬಾಳಮ್ಮನ ದರ್ಶನಕ್ಕೆ ಹೊರಟಾಗಲೇ ನಿಜ ಗೊತ್ತಾಗೋದು. ಅಮ್ಮ ಮೇಲಿನ ಹಿಡಿ ಹಿಡ್ಕೊಂಡು, "ಯಾಕಪ್ಪ ಹಿಂಗೆ ಎತ್ತಿ ಹಾಕ್ತದೆ, ನಮ್ಮ ಹಳೇ ಕಾರೇ ವಾಸಿಯಾಗಿತ್ತು" ಅಂದರೆ ಆಗ ಮಾಡೋಕೆ ಏನೂ ಇರಲ್ಲ. ನೋಂದಣಿ ಆಗಿರುತ್ತೆ, ಸಾಲದ ಕಂತು ಶುರುವಾಗಿರುತ್ತೆ. ಸೀಟ್ ಕವರ್ ಬದಲಾಯಿಸಿದ ಹಾಗೆ ಸಸ್ಪೆನ್ಷನ್ ಬದಲಾಯಿಸೋಕೆ ಬರಲ್ಲ.

ಒಳಗೆ ಏನಿರುತ್ತೆ?

ಸಸ್ಪೆನ್ಷನ್ ಅಂದ್ರೆ ಒಂದೇ ಸಾಮಾನು ಅಲ್ಲ. ಕಾರಿನ ಭಾರ ಹೊರೋದು ಸ್ಪ್ರಿಂಗ್. ಸ್ಪ್ರಿಂಗ್ ಒಂದೇ ಇದ್ದರೆ ಗುಂಡಿಗೆ ಬಿದ್ದ ಕಾರು ತೊಟ್ಟಿಲ ಹಾಗೆ ಆಡ್ತಾನೇ ಇರುತ್ತೆ. ಆ ಆಟ ನಿಲ್ಲಿಸೋದು ಶಾಕ್ ಅಬ್ಸಾರ್ಬರ್, ಗ್ಯಾರೇಜ್ ಭಾಷೆಯಲ್ಲಿ ಶಾಕಬ್ಸರ್. ಅದರೊಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹಿಂಡಿಕೊಂಡು ಹೋಗುತ್ತೆ, ಕುಲುಕಾಟದ ಬಲ ಅಲ್ಲೇ ಶಾಖವಾಗಿ ಕಳೆದುಹೋಗುತ್ತೆ. ಮೂರನೆಯದು ಆಂಟಿ ರೋಲ್ ಬಾರ್. ಎಡ ಬಲ ಚಕ್ರಗಳನ್ನು ಜೋಡಿಸೋ ಒಂದು ಉಕ್ಕಿನ ಸರಳು, ತಿರುವಿನಲ್ಲಿ ಕಾರು ಒಂದು ಕಡೆ ವಾಲದ ಹಾಗೆ ಹಿಡಿಯುತ್ತೆ.

ಕಂಫರ್ಟ್ ಅಂದರೆ ಮೆತ್ತನೆ ಸ್ಪ್ರಿಂಗ್, ಸಡಿಲ ಶಾಕಬ್ಸರ್. ಸ್ಪೋರ್ಟ್ ಅಂದರೆ ಬಿಗಿ ಸ್ಪ್ರಿಂಗ್, ಬಿಗಿ ಶಾಕಬ್ಸರ್, ದಪ್ಪ ಸರಳು, ಜೊತೆಗೆ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ತಗ್ಗು.

ಈ ದಪ್ಪ ಸರಳಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಹಿಂದೆ ಕೂತವರಿಗೆ ಹಿಂಸೆ ಕೊಡೋದು ಇದೇ. ತಿರುವಿನಲ್ಲಿ ಇದು ವರ. ಆದರೆ ಎಡಗಡೆ ಚಕ್ರ ಮಾತ್ರ ಗುಂಡಿಗೆ ಇಳಿದಾಗ ಬಲಗಡೆಯನ್ನೂ ಜೊತೆಗೆ ಎಳೆಯುತ್ತೆ. ಹಿಂದೆ ಕೂತವರ ತಲೆ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತೆ. ಪೈಪ್‌ಲೈನಿಗೆ ಅಗೆದು ಅರ್ಧಂಬರ್ಧ ಮುಚ್ಚಿದ ರಸ್ತೆ, ಟಾರಿನ ಅಂಚು ಕಿತ್ತು ಮಣ್ಣಿಗೆ ಇಳಿಯೋ ರಸ್ತೆ, ಅರ್ಧ ಮಾತ್ರ ಉಳಿದಿರೋ ಹಂಪ್ಸು: ಎಲ್ಲವೂ ಒಂದೇ ಕಡೆ ಚಕ್ರಕ್ಕೆ ಹೊಡೆಯುವಂಥವೇ. ಓಡಿಸೋರಿಗೆ ಸ್ಟೀರಿಂಗ್ ಹಿಡಿದಿರುವುದರಿಂದ ಅಷ್ಟು ಗೊತ್ತಾಗಲ್ಲ. ಹಿಂದಿನವರಿಗೆ ಹಿಡಿಯೋಕೆ ಏನೂ ಇರಲ್ಲ.

ಇನ್ನು ಸೊಂಟ ನೋವಿನ ವಿಚಾರ. ಮೆತ್ತನೆ ಕಾರು ಸೆಕೆಂಡಿಗೆ ಸುಮಾರು ಒಂದು ಸಲ ಮೇಲೆ ಕೆಳಗೆ ಆಡುತ್ತೆ, ಸ್ಪೋರ್ಟ್ ಸುಮಾರು ಒಂದೂವರೆ ಸಲ. ಕೂತ ಮನುಷ್ಯನ ದೇಹ ಅತಿ ಹೆಚ್ಚು ಸೂಕ್ಷ್ಮವಾಗಿರುವುದು ಸೆಕೆಂಡಿಗೆ 4ರಿಂದ 8 ಸಲದ ನಡುಕಕ್ಕೆ. ರಸ್ತೆಯ ಸಣ್ಣಪುಟ್ಟ ತೇಪೆಗಳು ಎಬ್ಬಿಸೋದು ಹೆಚ್ಚಾಗಿ ಅಂಥದ್ದೇ ನಡುಕ. ಸ್ಪ್ರಿಂಗ್ ಬಿಗಿಯಾದಷ್ಟೂ ಅದು ಸೀಟಿನವರೆಗೆ ಬರುತ್ತೆ.

ಹಂಪ್ಸಿಗೆ ತಾಗೋದು ಸ್ಪೋರ್ಟ್ ಮಾತ್ರಾನಾ?

"ಸ್ಪೋರ್ಟ್ ತಗ್ಗು, ತಳ ಉಜ್ಜುತ್ತೆ. ಕಂಫರ್ಟ್ ಆದ್ರೆ ಭಯ ಇಲ್ಲ" ಅನ್ನೋ ಮಾತು ಚಾಲ್ತಿಯಲ್ಲಿದೆ. ಲೆಕ್ಕ ಹಾಕಿದರೆ ಇದು ಅರ್ಧ ಸತ್ಯ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ಮಾರ್ಗಸೂಚಿ ಪ್ರಕಾರ ಹಂಪ್ಸ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಲೆಕ್ಕ ಅದು. ಇಷ್ಟು ಅಗಲ ಇದ್ದಾಗ ಕಾರಿನ ಹೊಟ್ಟೆ ತುದಿಯ ಮೇಲೆ ಬರುವ ಹೊತ್ತಿಗೆ ಮುಂದಿನ ಹಿಂದಿನ ಚಕ್ರಗಳೂ ಉಬ್ಬಿನ ಮೇಲೇ ಇರುತ್ತವೆ. ಹಾಗಾಗಿ ಬೇಕಾಗೋ ಜಾಗ 10 ಸೆಂಟಿಮೀಟರ್ ಅಲ್ಲ. ಚಕ್ರಗಳ ನಡುವೆ 2.8 ಮೀಟರ್ ಇರೋ ಕ್ಯಾಮ್ರಿಯಂಥ ಕಾರಿಗೆ ಸುಮಾರು 6 ಸೆಂಟಿಮೀಟರ್. 3.1 ಮೀಟರ್ ಇರೋ ಉದ್ದನೆ ಬಿಎಂಡಬ್ಲ್ಯು 5 ಸೀರೀಸ್, ಬೆಂಜ್ ಇ ಕ್ಲಾಸ್‌ಗೆ ಸುಮಾರು 7.

ಈಗ ಕಾರಿನ ಲೆಕ್ಕ. ಖಾಲಿ ಇದ್ದಾಗ ಕಂಫರ್ಟ್ ಕಾರಿನ ತಳ 150 ಮಿ.ಮೀ. ಎತ್ತರ ಅಂದುಕೊಳ್ಳಿ. ಐದು ಜನ ಕೂತು ಡಿಕ್ಕಿಗೆ ಲಗೇಜು ಹಾಕಿದರೆ 35 ಮಿ.ಮೀ. ಆದರೂ ಇಳಿಯುತ್ತೆ. ಉಳಿದಿದ್ದು 115. ಸ್ಪೋರ್ಟ್ 135ರಿಂದ ಶುರು, ಆದರೆ ಸ್ಪ್ರಿಂಗ್ ಬಿಗಿ ಇರುವುದರಿಂದ ಸುಮಾರು 27 ಇಳಿಯುತ್ತೆ. ಉಳಿದಿದ್ದು 108. ಅಂದರೆ ಸಂಸಾರ ಸಮೇತ ಹೊರಟಾಗ ವ್ಯತ್ಯಾಸ ಬರೀ 7 ಮಿಲಿಮೀಟರ್! ಅಳತೆ ಪ್ರಕಾರ ಹಾಕಿದ ಹಂಪ್ಸನ್ನ ಎರಡೂ ದಾಟುತ್ತವೆ.

ಆದರೆ ನಮ್ಮೂರ ಹಂಪ್ಸ್ ಯಾವ ಪುಸ್ತಕ ನೋಡಿ ಹಾಕಿದ್ದು? ಒಂದು ಅಪಘಾತ ಆದ ರಾತ್ರಿ ಉಳಿದ ಕಾಂಕ್ರೀಟಲ್ಲಿ ಒಂದಡಿ ಅಗಲ, ಅರ್ಧ ಅಡಿ ಎತ್ತರ ಕಟ್ಟಿದ್ದಕ್ಕೆ ಕಂಫರ್ಟ್ ಕಾರೂ ತಾಗುತ್ತೆ, ಸ್ಪೋರ್ಟ್ ಕಾರೂ ತಾಗುತ್ತೆ. ಅಲ್ಲಿ ಕೆಲಸಕ್ಕೆ ಬರೋದು ಅಡ್ಡಡ್ಡ ಓರೆಯಾಗಿ ಇಳಿಸೋ ಹಳೇ ಉಪಾಯ ಮಾತ್ರ. ಮೆತ್ತನೆ ಕಾರನ್ನ ಬ್ರೇಕ್ ಒತ್ತಿಕೊಂಡೇ ಹಂಪ್ಸ್ ಹತ್ತಿಸಿದರೆ ಮೂಗು ಇನ್ನೂ ಕೆಳಗೆ ಬಾಗುತ್ತೆ ಅನ್ನೋದೂ ನೆನಪಿರಲಿ. ಮೊದಲೇ ನಿಧಾನ ಮಾಡಿ, ಹತ್ತುವಾಗ ಬ್ರೇಕ್ ಬಿಡಬೇಕು.

ಹಾಗಾಗಿ ಹಂಪ್ಸಿಗೆ ಹೆದರಿ ಸ್ಪೋರ್ಟ್ ಬೇಡ ಅನ್ನೋದಕ್ಕಿಂತ, ಹಿಂದೆ ಯಾರು ಕೂರ್ತಾರೆ ಅಂತ ನೋಡಿ ತೀರ್ಮಾನ ಮಾಡೋದೇ ಸರಿ.

ಸ್ಪೋರ್ಟಿನ ಲಾಭ ಎಲ್ಲಿ ಸಿಗುತ್ತೆ?

ವೇಗದಲ್ಲಿ ಲೇನ್ ಬದಲಿಸುವಾಗ, ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಬಿಗಿ ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಇರುತ್ತೆ. ಇದು ಸುಳ್ಳಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಕಾರಿಗೆ ಮಿತಿ 100. ಮೇಲೆ ಕ್ಯಾಮೆರಾ ಇದೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವೂ ಶುರುವಾಯ್ತು. ಅಲ್ಲಿನ ತಿರುವುಗಳು ಉದ್ದ, ಸಲೀಸು. 100ರ ಒಳಗೆ ಹೋಗುವವರಿಗೆ ಸ್ಪೋರ್ಟ್ ಕೊಡುವ ಹೆಚ್ಚಿನ ಹಿಡಿತ ಬಳಕೆಗೇ ಬರಲ್ಲ. ಮಿತಿ ದಾಟುವವರನ್ನ ಸಸ್ಪೆನ್ಷನ್ ಕಾಪಾಡುತ್ತೆ ಅನ್ನೋದು ಭ್ರಮೆ.

ದಶಪಥದಲ್ಲೇ ಮೆತ್ತನೆ ಕಾರಿಗೂ ಒಂದು ಕೊರತೆ ಇದೆ. ಮೇಲ್ಸೇತುವೆ ಶುರುವಾಗೋ, ಮುಗಿಯೋ ಕಡೆ ಏರಿಳಿತ ಬಂದರೆ ಕೆಲವು ಕಾರು ಒಂದು ಸಲ ಎದ್ದು ಕೂತು ಇನ್ನೊಂದು ಸಲ ಏಳುತ್ತವೆ. ಈ ತೇಲಾಟಕ್ಕೆ ಮಕ್ಕಳಿಗೆ ವಾಕರಿಕೆ ಬರೋದುಂಟು. ಮಾಗಡಿ ಕಡೆ ಸಾವನದುರ್ಗ, ಮಂಚನಬೆಲೆ ಸುತ್ತಿನ ತಿರುವುಗಳು, ಕನಕಪುರದಿಂದ ಸಂಗಮಕ್ಕೆ ಇಳಿಯುವ ದಾರಿ, ಇಲ್ಲೆಲ್ಲ ಕಾರು ಅತ್ತಿತ್ತ ವಾಲಿದರೆ ಓಡಿಸೋರಿಗೂ ಖುಷಿ ಇರಲ್ಲ. ಒಬ್ಬರೇ ಓಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿಬರೋರು, ಮನೆ ಸರ್ವಿಸ್ ರಸ್ತೆ ಪಕ್ಕದಲ್ಲೇ ಇರೋರು ಸ್ಪೋರ್ಟ್ ತಗೊಂಡರೆ ತಪ್ಪೇನಿಲ್ಲ. ಊರೊಳಗಿನ ನಾಲ್ಕೈದು ಕಿಲೋಮೀಟರ್ ದಿನಕ್ಕೆ ಎರಡು ಸಲ ದಾಟಬೇಕಾದವರ ಲೆಕ್ಕ ಬೇರೆ.

ಗುಂಡಿ ಒತ್ತಿದರೆ ಸ್ಪೋರ್ಟ್ ಆಗುತ್ತಾ?

ಅತಿ ಹೆಚ್ಚು ಗೊಂದಲ ಇರೋದು ಇಲ್ಲಿ. ಕಾರಿನೊಳಗೆ "ಕಂಫರ್ಟ್", "ಸ್ಪೋರ್ಟ್" ಅಂತ ಗುಂಡಿ ಇದ್ದ ಮಾತ್ರಕ್ಕೆ ಸಸ್ಪೆನ್ಷನ್ ಬದಲಾಗುತ್ತೆ ಅಂತಲ್ಲ. ಬಹಳಷ್ಟು ಕಾರಲ್ಲಿ ಆ ಗುಂಡಿ ಬದಲಾಯಿಸೋದು ಎಂಜಿನ್, ಗೇರ್, ಸ್ಟೀರಿಂಗ್ ಭಾರ ಅಷ್ಟೇ. ಕೇಳಬೇಕಾದ ಪ್ರಶ್ನೆ: "ಇದರಲ್ಲಿ ಅಡಾಪ್ಟಿವ್ ಡ್ಯಾಂಪರ್ ಇದೆಯಾ?" ಇದ್ದರೆ ಶಾಕಬ್ಸರ್ ಒಳಗಿನ ಕವಾಟವನ್ನು ಕಂಪ್ಯೂಟರ್ ತೆರೆದು ಮುಚ್ಚಿ ಮಾಡುತ್ತೆ, ಊರೊಳಗೆ ಮೆತ್ತಗೆ, ಹೈವೇಯಲ್ಲಿ ಬಿಗಿ. ಆಗಲೂ ಉಕ್ಕಿನ ಸ್ಪ್ರಿಂಗ್ ಇದ್ದದ್ದು ಇದ್ದ ಹಾಗೇ ಇರುತ್ತೆ. ಏರ್ ಸಸ್ಪೆನ್ಷನ್ ಆದರೆ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಹಂಪ್ಸ್ ಬಂದಾಗ ಕಾರನ್ನೇ ಒಂದಿಷ್ಟು ಮೇಲೆತ್ತುವ ಸೌಲಭ್ಯ ಸಿಗೋದು ಇದರಲ್ಲಿ.

ಹೆಸರು ನೋಡಿಯೂ ಮೋಸ ಹೋಗಬಾರದು. ಬಿಎಂಡಬ್ಲ್ಯು 530ಎಲ್‌ಐ ಎಂ ಸ್ಪೋರ್ಟ್ ಅಂತ ಮಾರಾಟವಾಗುವುದು ಹಿಂದಿನ ಸೀಟಿನವರಿಗಾಗಿಯೇ ಉದ್ದ ಮಾಡಿದ ಕಾರು. ಬೆಂಜ್‌ನ ಎಎಂಜಿ ಲೈನ್ ಅನ್ನೋದು ಮುಖ್ಯವಾಗಿ ಬಂಪರ್, ಚಕ್ರದ ಅಲಂಕಾರ. ಹೊರಗಿನ ಬ್ಯಾಡ್ಜ್ ಬಿಟ್ಟು, ವೇರಿಯಂಟ್ ಪಟ್ಟಿಯಲ್ಲಿ ಸಸ್ಪೆನ್ಷನ್ ಎದುರು ಏನು ಬರೆದಿದೆ ಅಂತ ಓದಿ. ವಿದೇಶದಲ್ಲಿ ಸಸ್ಪೆನ್ಷನ್ನನ್ನೇ ಬೇರೆಯಾಗಿ ಆರಿಸಿಕೊಳ್ಳಬಹುದು. ಇಲ್ಲಿ ಹೆಚ್ಚಿನ ಸಲ ವೇರಿಯಂಟ್ ಜೊತೆ ಬಂದಿದ್ದನ್ನೇ ತಗೋಬೇಕು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ಜೋಡಣೆಯಾಗೋ ಕ್ಯಾಮ್ರಿಯಲ್ಲಿ ಆಯ್ಕೆಯೇ ಇಲ್ಲ, ಅದು ಹುಟ್ಟಾ ಮೆತ್ತನೆ ಕಾರು. 2024ರ ಡಿಸೆಂಬರಿನಲ್ಲಿ ಹೊಸ ಮಾದರಿ ಬಂದಾಗ ಎಕ್ಸ್‌ಶೋರೂಮ್ ಬೆಲೆ 48 ಲಕ್ಷ ಇತ್ತು.

ಟೈರು ಮರೀಬೇಡಿ

ಸ್ಪೋರ್ಟ್ ವೇರಿಯಂಟ್ ಜೊತೆ ದೊಡ್ಡ ಅಲಾಯ್ ಬರುತ್ತೆ. ಎಷ್ಟೋ ಸಲ ಕುಲುಕಾಟಕ್ಕೆ ಕಾರಣ ಸ್ಪ್ರಿಂಗ್ ಅಲ್ಲ, ಇದೇ. 225/50 ಆರ್17 ಟೈರಿನ ಪಕ್ಕದ ಗೋಡೆ 112 ಮಿ.ಮೀ. 245/35 ಆರ್20 ಆದರೆ 86. ಗುಂಡಿಯ ಏಟು ಮೊದಲು ತಿನ್ನೋದು ಆ ರಬ್ಬರು. ಅದು ತೆಳ್ಳಗಾದಷ್ಟೂ ಏಟು ಒಳಗೆ ಬರುತ್ತೆ, ಅಲಾಯ್ ಬಾಗುತ್ತೆ, ಟೈರಿನ ಪಕ್ಕ ಉಬ್ಬುತ್ತೆ. ಉಬ್ಬಿದ ಟೈರಿಗೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ, ಬದಲಾಯಿಸಲೇಬೇಕು. ಕೆಲವು ಕಾರಲ್ಲಿ ರನ್‌ಫ್ಲ್ಯಾಟ್ ಟೈರ್ ಇರುತ್ತೆ, ಗಾಳಿ ಹೋದರೂ ಸ್ವಲ್ಪ ದೂರ ಓಡುತ್ತೆ. ಅದಕ್ಕಾಗಿ ಗೋಡೆ ಗಟ್ಟಿ ಮಾಡಿರ್ತಾರೆ, ಸವಾರಿಯೂ ಗಟ್ಟಿ. ಒಂದೇ ಕಾರು 17, 18, 19 ಇಂಚಲ್ಲಿ ಸಿಗೋದಾದರೆ ಚಿಕ್ಕದನ್ನ ತಗೊಳ್ಳಿ. ಮದುವೆ ಮನೆ ಮುಂದೆ ನಿಲ್ಲಿಸಿದಾಗ ಸ್ವಲ್ಪ ಸಪ್ಪೆ ಕಾಣಬಹುದು, ಅಷ್ಟೇ.

ನೋಡೋದು ಹೇಗೆ?

ಈ ಬೆಲೆಯ ಕಾರಿಗೆ ಡೀಲರ್‌ಗಳು ಟೆಸ್ಟ್ ಡ್ರೈವ್ ಕಾರನ್ನ ಮನೆ ಬಾಗಿಲಿಗೇ ಕಳಿಸ್ತಾರೆ, ಕೇಳಬೇಕು. ತರಿಸಿಕೊಂಡು ಮನೆಯವರನ್ನೆಲ್ಲ ಕೂರಿಸಿ ನಿಮ್ಮೂರ ರಸ್ತೆಯಲ್ಲೇ ಓಡಿಸಿ. ಅರ್ಧ ದಾರಿ ನೀವು ಹಿಂದೆ ಕೂತು ಬೇರೆಯವರ ಕೈಗೆ ಸ್ಟೀರಿಂಗ್ ಕೊಡಿ. 20ರ ವೇಗದಲ್ಲಿ ಹಂಪ್ಸ್ ಇಳಿದ ಮೇಲೆ ಕಾರು ಒಂದೇ ಸಲಕ್ಕೆ ಕೂತರೆ ಒಳ್ಳೇದು, ಎರಡು ಮೂರು ಸಲ ಆಡಿದರೆ ದಶಪಥದಲ್ಲೂ ತೇಲುತ್ತೆ. ಎಡಗಡೆ ಚಕ್ರ ಮಾತ್ರ ರಸ್ತೆಯಿಂದ ಮಣ್ಣಿಗೆ ಇಳಿಸಿ ಹತ್ತಿಸಿ, ತಲೆ ಎಷ್ಟು ಹೊಯ್ದಾಡುತ್ತೆ ನೋಡಿ. ಆಮೇಲೆ ಹೈವೇಗೆ ಹೋಗಿ. ಅಮ್ಮ ಏನಂತಾರೆ ಅನ್ನೋದಕ್ಕೆ ಕಂಪನಿ ಕೈಪಿಡಿಗಿಂತ ಬೆಲೆ ಜಾಸ್ತಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇನ್ನೂ ಎಚ್ಚರ ಇರಬೇಕು. ಹತ್ತು ವರ್ಷದ ಏರ್ ಸಸ್ಪೆನ್ಷನ್ ಕಾರು ಕೈಗೆಟುಕೋ ಬೆಲೆಗೆ ಸಿಗುತ್ತೆ, ಕಾರಣವೂ ಅದೇ ಇರಬಹುದು. ರಬ್ಬರ್ ಚೀಲಕ್ಕೆ ವಯಸ್ಸಾಗುತ್ತೆ, ಬದಲಾಯಿಸೋ ಖರ್ಚು ಸಾಮಾನ್ಯ ಶಾಕಬ್ಸರ್‌ಗಿಂತ ಹಲವು ಪಟ್ಟು. ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಕಮಾನಿನ ಎತ್ತರ ಟೇಪಲ್ಲಿ ಅಳೆದುಕೊಳ್ಳಿ. ಬೆಳಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ಹಿಂದಿನ ದಿನ ಬಂದು ಅಳೆಯೋಕೆ ಮಾರೋರು ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ.

ಎತ್ತರ ಸಾಲದು ಅಂತ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿಸೋ ಚಟವೂ ಇದೆ. ಕಾರು ಎದ್ದು ನಿಲ್ಲೋದು ನಿಜ. ಆದರೆ ಆ ಸುರುಳಿ ಆಮೇಲೆ ಸರಿಯಾಗಿ ಕೆಲಸ ಮಾಡಲ್ಲ, ಕಂಫರ್ಟ್‌ಗೆ ಕೊಟ್ಟ ದುಡ್ಡು ಅಲ್ಲಿಗೆ ಮುಗೀತು. ವಾರಂಟಿಗೂ ತಕರಾರು ಬರಬಹುದು.

ಈಗಾಗಲೇ ಸ್ಪೋರ್ಟ್ ತಗೊಂಡು ಪರದಾಡ್ತಿರೋರು ಮೊದಲು ಡ್ರೈವರ್ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರೋ ಚೀಟಿ ನೋಡಿ. ಕಡಿಮೆ ಜನಕ್ಕೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು ಅಂತ ಗಾಳಿಯ ಅಳತೆ ಬರೆದಿರುತ್ತೆ. ಇಬ್ಬರೇ ಓಡಾಡೋ ಕಾರಿಗೆ ಪೂರ್ತಿ ಭಾರದ ಗಾಳಿ ತುಂಬಿಸಿಕೊಂಡು ಸಸ್ಪೆನ್ಷನ್ನನ್ನ ಬೈಯುವವರಿದ್ದಾರೆ. ಟೈರ್ ತಣ್ಣಗಿರುವಾಗ, ಬೆಳಗ್ಗೆ ಹೊರಡೋ ಮುಂಚೆ ಚೆಕ್ ಮಾಡಿಸಿ.