ಹಂಚಿನ ಮಾಡೋ, ತಾರಸಿಯೋ?

ಕಳೆದ ಕೊಯ್ಲು ಮುಗಿದ ಮೇಲೆ ನಾವು ಮನೆ ಕಟ್ಟಿಸಲು ತೊಡಗಿದ ವಿಷಯ ಸದಸ್ಯ ಬಾಂಧವರಲ್ಲಿ ಹಲವರಿಗೆ ತಿಳಿದೇ ಇದೆ. ಸಂಘದ ಕಚೇರಿಗೆ ಗೊಬ್ಬರಕ್ಕೆಂದು ಬಂದವರೂ "ಕೆಲಸ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು, ನಾವೂ ಸಂತೋಷದಿಂದ ವರದಿ ಒಪ್ಪಿಸುತ್ತಿದ್ದೆವು. ವರದಿಯ ಬೆನ್ನಿಗೇ ಸಲಹೆ ಬರುತ್ತಿತ್ತು. ಮನೆ ಕಟ್ಟುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ಅಲ್ಲಿಂದ ಮುಂದಿನ ಕಥೆಯನ್ನು ಬರೆಯುತ್ತಿದ್ದೇವೆ.

ಅಭಿಪ್ರಾಯಭೇದ ಮೊದಲು ಹುಟ್ಟಿದ್ದು ಮನೆಯೊಳಗೇ. ನಮ್ಮ ತಾಯಿಯವರಿಗೆ ಜಗಲಿ, ಅಟ್ಟ, ಹಂಚಿನ ಮಾಡು ಇಲ್ಲದ್ದು ಮನೆಯೇ ಅಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನಿಗೆ ತಾರಸಿಯೇ ಆಗಬೇಕು. ಮಂಗಗಳು ಹಂಚು ಒಡೆಯುವ, ವರ್ಷವರ್ಷವೂ ಕೈಯಾಡಿಸಲು ಆಳು ಹುಡುಕುವ ತಾಪತ್ರಯವಿಲ್ಲ, ಮೇಲೆ ಅಡಿಕೆಯನ್ನೂ ಒಣಗಿಸಬಹುದು ಎಂಬುದು ಅವನ ವಾದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ನಾವು ಯಾರಿಗೂ ಇಲ್ಲವೆನ್ನದೆ ಪಾಯ ತೆಗೆಸಿದೆವು. ತಪ್ಪಾದದ್ದು ಅಲ್ಲಿಯೇ.

ಗೋಡೆ ಏಳುತ್ತಿದ್ದಾಗ ನೆಂಟರೊಬ್ಬರ ಮಾತಿಗೆ ಒಂದು ಕಿಟಕಿ ಮುಚ್ಚಿಸಿದೆವು. ಇನ್ನೊಬ್ಬರು ಕತ್ತಲೆಯೆಂದಾಗ ಪುನಃ ಒಡೆಸಿದೆವು. ಜಂಬಿಟ್ಟಿಗೆ ಕಲ್ಲು ಹಾಳಾಯಿತು, ಮೂರು ದಿನದ ಕೂಲಿಯೂ ಹೋಯಿತು. ಮೇಸ್ತ್ರಿ ಕರಣೆ ಕೆಳಗಿಟ್ಟು, "ಮನೆ ನಿಮ್ಮದೋ ಊರಿನದೋ ಹೇಳಿಬಿಡಿ ಸ್ವಾಮಿ" ಎಂದರು. ತಾರಸಿಯಾದರೆ ತಾವು ಹಳೆಯ ಮನೆಯಲ್ಲೇ ಉಳಿಯುವುದಾಗಿ ತಾಯಿಯವರು ತಿಳಿಸಿದರು. ಮಗ ಹದಿನೈದು ದಿನ ಫೋನು ಮಾಡಲಿಲ್ಲ.

ಸಂಘದ ಸಭೆಗಳಲ್ಲಿ ನಾವು ಕಂಡುಕೊಂಡ ಮಾತೊಂದಿದೆ. ಯಾರ ಪಕ್ಷ ಎಂದು ಕೇಳಿದರೆ ಜಗಳವಾಗುತ್ತದೆ. ಯಾವ ಕೆಲಸ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಮಗ ಊರಿಗೆ ಬಂದ ದಿನ ಎಲ್ಲರನ್ನೂ ಕೂರಿಸಿ, ಮಳೆಗಾಲದಲ್ಲಿ ಮತ್ತು ಕೊಯ್ಲಿನಲ್ಲಿ ಈ ಮನೆಯಲ್ಲಿ ಯಾರು ಏನು ಮಾಡಬೇಕು ಎಂದಷ್ಟೇ ಕೇಳಿದೆವು. ಅದುವರೆಗೆ ಸುಮ್ಮನಿದ್ದ ನಮ್ಮ ಮನೆಯಾಕೆ, "ಅಡಿಕೆ ಬುಟ್ಟಿ ತಾರಸಿಗೆ ಹೊರುವವರು ಯಾರು? ಮೋಡ ಕವಿದರೆ ಇಳಿಸುವವರು ಯಾರು?" ಎಂದರು. ಚಾಲಿ ಅಡಿಕೆಗೆ ಸುಮಾರು 40 ದಿನಗಳ ಬಿಸಿಲು ಬೇಕು. ಅದೇ ತಿಂಗಳುಗಳಲ್ಲಿ ಕಾಫಿಯೂ ಕಣಕ್ಕೆ ಬರುತ್ತದೆ. ಆಳಿನ ಅಭಾವದ ಈ ಕಾಲದಲ್ಲಿ ಆ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ನಕ್ಷೆ ಬರೆಸುವಾಗ ನಾವು ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ.

ಹಂಚಿನ ಮನೆಯೇ ನಮ್ಮ ಸಂಪ್ರದಾಯವೆಂದು ತಾಯಿಯವರು ಹೇಳಿದಾಗ, ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ ಎಂದು ಮಗ ನೆನಪಿಸಿದ. ಅವರು ನಕ್ಕು, "ಹೌದು, ನನ್ನ ಅತ್ತೆಯ ಕಾಲಕ್ಕೆ ಸೋಗೆಯೇ ಇತ್ತು" ಎಂದರು. ಅಲ್ಲಿಗೆ ಗಂಟು ಸಡಿಲವಾಯಿತು.

ನಡುಮನೆ, ಜಗಲಿ, ಅಡಿಗೆಮನೆಗೆ ಹಂಚು ಎಂದು ತೀರ್ಮಾನವಾಯಿತು. ಮರದ ಬದಲು ಕಬ್ಬಿಣದ ಪಕಾಸಿ. ಇಳಿಜಾರು ಮಾತ್ರ ಕಡಿಮೆ ಮಾಡಕೂಡದು, ಮಾಡಿದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಒಳನುಗ್ಗುತ್ತದೆ. ಉಗ್ರಾಣ ಮತ್ತು ಮಗನ ಕೋಣೆಗೆ ತಾರಸಿ, ನೀರು ನಿಲ್ಲದಂತೆ 100 ಅಡಿಗೆ 1 ಅಡಿ ಇಳಿವು. ಅಡಿಕೆ, ಕಾಫಿಗೆ ನೆಲದ ಮೇಲೆಯೇ ಕಣ. ಅಡಿಗೆಮನೆಯ ಮಾಡಿನಲ್ಲಿ ನಾಲ್ಕು ಗಾಜಿನ ಹಂಚು. ಅವು ಎಲ್ಲಿರಬೇಕೆಂದು ಗುರುತು ಹಾಕಿದವರು ನಮ್ಮ ಮನೆಯಾಕೆ. ಮನೆ ಹಳೇ ಕಾಲದ್ದಾಯಿತೆಂದು ಮಗ ಈಗಲೂ ಹೇಳುತ್ತಾನೆ, ಕಿಟಕಿ ದೊಡ್ಡದಾಯಿತೆಂದು ತಾಯಿಯವರೂ ಹೇಳುತ್ತಾರೆ. ಆದರೆ ಇಬ್ಬರೂ ದಿನವೂ ಕೆಲಸ ಎಲ್ಲಿಗೆ ಬಂತೆಂದು ಕೇಳುತ್ತಾರೆ.

ನಾವು ಕಲಿತದ್ದಿಷ್ಟು. ಸಲಹೆಯನ್ನು ಎಲ್ಲರಿಂದಲೂ ಕೇಳಿ, ಆದರೆ ಮನೆ ಇನ್ನೂ ಕಾಗದದ ಮೇಲಿರುವಾಗ ಕೇಳಿ. ಗೆರೆ ಅಳಿಸಲು ಕೂಲಿ ಕೊಡಬೇಕಿಲ್ಲ. ಮೊದಲು ಕೇಳಬೇಕಾದ್ದು ಆ ಮನೆಯಲ್ಲಿ ಅತಿ ಹೆಚ್ಚು ದುಡಿಯುವವರನ್ನು.

ಪಕಾಸಿ ಏರಿಸುವ ಕೆಲಸ ಈಗ ನಡೆದಿದೆ. ಮಳೆ ಹಿಡಿಯುವ ಮೊದಲು ಹಂಚು ಹೊದೆಸಬೇಕು. ಸದಸ್ಯರು ದಾರಿಯಲ್ಲಿ ಹೋಗುವಾಗ ಅವಶ್ಯ ಬಂದು ನೋಡಬಹುದು. ಸಲಹೆಯನ್ನೂ ಕೊಡಬಹುದು, ಕಾಫಿ ಕೊಟ್ಟು ಕೇಳುತ್ತೇವೆ. ಗೋಡೆ ಮಾತ್ರ ಇನ್ನು ಒಡೆಸುವುದಿಲ್ಲ.