ಮಗ್ಗದ ಮುಂದೆ ಎಂಟೇ ಜನ

"ಆಯಿ, ನಮ್ಮ ಕ್ಲಾಸಿನ್ಯಾಗ ನಲವತ್ತು ಮಂದಿ ಅದೀವಿ. ನೀ ಎಲ್ಲಾರನೂ ಒಮ್ಮೆಲೆ ಪ್ರವಾಸಕ್ಕ ಯಾಕ ಕರಕೊಂಡು ಹೋಗೂದಿಲ್ಲ?"

ಮೊನ್ನೆ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಅವಳಿಗೆ ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ನಾನು ಬೈಲಹೊಂಗಲದವಳು. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅಜ್ಜ-ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಜೊತೆಯಾಗಿ ಎರಡು ದಿನದ ಪ್ರವಾಸಕ್ಕೆ ಕರೆದೊಯ್ಯುತ್ತೇನೆ. ದೂರದ ಊರುಗಳಲ್ಲ. ನಮ್ಮ ಸುತ್ತಲಿನ ಮಗ್ಗ, ಸೂಜಿ, ಒಲೆ ಇವನ್ನು ತೋರಿಸುವ ಪ್ರವಾಸ.

ಮೊದಲ ಸಲ ಬಸ್ಸು ತುಂಬಾ ಜನರನ್ನು ಕರೆದೊಯ್ದಿದ್ದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಒಬ್ಬ ನೇಕಾರಣ್ಣನ ಮನೆಗೆ ಹೋದೆವು. ಸಣ್ಣ ಪಡಸಾಲೆ. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ಎಲ್ಲರೂ ಒಮ್ಮೆಲೇ ನುಗ್ಗಿದರು. ಹಿಂದಿನವರು ತಳ್ಳಿದರು, ಮುಂದಿದ್ದ ಹುಡುಗ ಮುಗ್ಗರಿಸಿ ಎರಡೂ ಕೈ ಊರಿದ್ದು ಬಿಗಿದ ನೂಲಿನ ಮೇಲೆ. ಟಪಟಪನೆ ಎಳೆಗಳು ಹರಿದವು.

ನೇಕಾರಣ್ಣ ಬೈಯಲಿಲ್ಲ. ಲಾಳಿ ಬದಿಗಿಟ್ಟು, ಬಾಗಿ, ಒಂದೊಂದೇ ಎಳೆ ಹುಡುಕಿ ಗಂಟು ಹಾಕತೊಡಗಿದ. ಮೂಲೆಯಲ್ಲಿ ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದ ಅವನ ತಾಯಿ ಮಾತ್ರ ಮೆಲ್ಲಗೆ ಅಂದರು: "ಹುಡುಗರದೇನು ತಪ್ಪಿಲ್ಲ ಬಿಡ್ರಿ ಅಕ್ಕೋರ. ಆದರ ಮಗ್ಗ ನಿಂತರ ನಮ್ಮ ಕೂಲಿನೂ ನಿಲ್ಲತೈತ್ರಿ."

ಆ ಮಾತು ನನಗೆ ಚುಚ್ಚಿತು. ಅವರಿಗೆ ತಿಂಗಳ ಪಗಾರವಿಲ್ಲ. ಸೀರೆ ನೆಯ್ದು ಮುಗಿಸಿದರೆ ಅದರ ಕೂಲಿ. ನಾವು ನೋಡುತ್ತಾ ನಿಂತ ಹೊತ್ತು, ಆಮೇಲೆ ಗಂಟು ಹಾಕಿದ ಹೊತ್ತು, ಎಲ್ಲವೂ ಅವರ ಗಂಟಿನಿಂದಲೇ ಹೋಯಿತು. ಅಷ್ಟು ಸಾಲದೆಂಬಂತೆ, ಸ್ವಲ್ಪ ಮೊದಲು ನಾನೇ ಒಂದು ಸೀರೆಗೆ ಚೌಕಾಶಿ ಮಾಡಿದ್ದೆ! ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಒಬ್ಬಳೇ ಹೋಗಿ ಕ್ಷಮೆ ಕೇಳಿದೆ. ಅವರ ಜೊತೆ ಕೂತೇ ನಿಯಮ ಮಾಡಿಕೊಂಡೆ. ಒಂದು ಸಲಕ್ಕೆ ಎಂಟೇ ಜನ. ಮಗ್ಗ ನಿಲ್ಲುವಷ್ಟು ಹೊತ್ತಿನ ಕೂಲಿ ಮೊದಲೇ ಕೊಡಬೇಕು, ಸೀರೆ ಕೊಳ್ಳಲಿ ಬಿಡಲಿ. ಚೌಕಾಶಿ ಇಲ್ಲ. ಕೇಳದೆ ಏನನ್ನೂ ಮುಟ್ಟುವಂತಿಲ್ಲ, ಫೋಟೊ ತೆಗೆಯುವಂತಿಲ್ಲ.

ಈಗ ನಮ್ಮ ಪ್ರವಾಸ ಹೇಗಿರುತ್ತದೆ ಗೊತ್ತೇ? ಮೊದಲ ದಿನ ಬೈಲಹೊಂಗಲದಲ್ಲೇ. 1824ರಲ್ಲಿ ಬ್ರಿಟಿಷರನ್ನು ಎದುರಿಸಿ ಗೆದ್ದ ಕಿತ್ತೂರು ರಾಣಿ ಚೆನ್ನಮ್ಮ, ಮುಂದೆ ಸೆರೆಯಾಗಿ 1829ರಲ್ಲಿ ಕೊನೆಯುಸಿರೆಳೆದದ್ದು ನಮ್ಮೂರ ಕೋಟೆಯಲ್ಲಿ. ಅವಳ ಸಮಾಧಿಗೆ ಕೈಮುಗಿದು, ಪರಿಚಯದವರ ಅಡುಗೆಮನೆಗೆ ಹೋಗುತ್ತೇವೆ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ಲಟ್ಟಿಸದೆ ಅಂಗೈಯಿಂದ ಬಡಿಯಬೇಕು. ಮಕ್ಕಳ ರೊಟ್ಟಿ ನಕ್ಷೆಯ ಹಾಗೆ ಮೂಲೆ ಮೂಲೆಯಾಗುತ್ತದೆ. ಆದರೂ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಜೊತೆ ಒಂದು ಚೂರೂ ಉಳಿಯುವುದಿಲ್ಲ.

ಸಂಜೆ ಕಸೂತಿ. ಕಳೆದ ಸಲ ಒಬ್ಬ ಅಜ್ಜಿ ತಮ್ಮ ತಾಯಿಯ ಚಂದ್ರಕಾಳಿ ಸೀರೆ ತಂದಿದ್ದರು. ಕಪ್ಪು ಸೀರೆಯ ಮೇಲೆ ಗೋಪುರ, ತೇರು, ಆನೆ. ಅವರ ಮೊಮ್ಮಗ ಸೆರಗನ್ನು ಹಿಂದೆ ಮುಂದೆ ತಿರುಗಿಸಿ, "ಇದರಾಗ ಉಲ್ಟಾ ಯಾವದು?" ಎಂದ. ಒಳ್ಳೆಯ ಪ್ರಶ್ನೆ! ಕಸೂತಿಯಲ್ಲಿ ಗಾವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗಾವಂತಿ, ಮುರಗಿಗಳಲ್ಲಿ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು.

ಆ ಅಜ್ಜಿ ಸೂಜಿ ಹಿಡಿದು ಎಷ್ಟೋ ವರ್ಷವಾಗಿತ್ತು. ಕೈಗೆ ನೆನಪಿತ್ತು, ಕಣ್ಣಿಗೆ ಎಳೆ ಕಾಣದು. ಮೊಮ್ಮಗ ಪಕ್ಕದಲ್ಲಿ ಕೂತು "ಒಂದು, ಎರಡು, ಮೂರು... ಇಲ್ಲಿ ಚುಚ್ಚಬೇ" ಎನ್ನುತ್ತಾ ಹೋದ. ಇಬ್ಬರೂ ಸೇರಿ ಒಂದು ಪುಟ್ಟ ತುಳಸಿಕಟ್ಟೆ ಮುಗಿಸುವಾಗ ದೀಪ ಹಚ್ಚುವ ಹೊತ್ತು ದಾಟಿತ್ತು.

ಎರಡನೆಯ ದಿನ ಸವದತ್ತಿಯ ದಾರಿ ಹಿಡಿದು, ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಹತ್ತಿರ ಬುತ್ತಿ ಬಿಚ್ಚಿ, ಅದೇ ನೇಕಾರಣ್ಣನ ಮನೆಗೆ ಹೋಗುತ್ತೇವೆ. ಈಗ ಅವನೇ ಮಕ್ಕಳಿಗೆ ಮೇಷ್ಟ್ರು. ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿ ಅಡ್ಡಡ್ಡ ಒಯ್ಯುವ ನೂಲು ಹೊಕ್ಕು. "ಹಾಸುಹೊಕ್ಕು" ಎಂಬ ಮಾತು ಹುಟ್ಟಿದ್ದು ಇಲ್ಲಿಯೇ ಎಂದು ತಿಳಿದಾಗ ಮಕ್ಕಳ ಮುಖ ಅರಳುತ್ತದೆ. ಇಳಕಲ್ಲ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವುದನ್ನು ಅವನು ಒಂದು ದಾರದ ತುಂಡಿನಲ್ಲಿ ಮಾಡಿ ತೋರಿಸುತ್ತಾನೆ. ಕೊನೆಗೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲ ಲಾಳಿ ಓಡಿಸಲು ಬಿಡುತ್ತಾನೆ. ನಲವತ್ತು ಜನರಿದ್ದರೆ ಇದು ಆಗುತ್ತಿತ್ತೇ?

ಹೊರಡುವಾಗ ಅವನ ತಾಯಿ ಈಗ ಹೇಳುವ ಮಾತೇ ಬೇರೆ: "ಮತ್ತ ಯಾವಾಗ ಬರ್ತೀರಿ ಅಕ್ಕೋರ?"

ಮಕ್ಕಳೇ, ಪ್ರವಾಸಕ್ಕೆ ಬರಲು ಆಗದಿದ್ದರೂ ಚಿಂತೆಯಿಲ್ಲ. ಈ ಭಾನುವಾರ ಅಜ್ಜಿಯ ಟ್ರಂಕು ತೆಗೆಸಿ. ಒಂದು ಹಳೆಯ ಸೀರೆ ಹೊರಗೆ ಬರಲಿ. ಅದನ್ನು ಎಲ್ಲಿ ನೇಯ್ದರು, ಯಾರು ಕೊಟ್ಟರು, ಯಾವ ಹಬ್ಬಕ್ಕೆ ಉಟ್ಟರು ಎಂದು ಕೇಳಿ. ಅಜ್ಜ-ಅಜ್ಜಿಯರೇ, ನೀವೂ ಅವಸರ ಮಾಡದೆ ಹೇಳಿ.

ಇಷ್ಟೆಲ್ಲ ಕೇಳಿದ ನನ್ನ ಮೊಮ್ಮಗಳು ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಅಂದಳು:

"ಹಂಗಾರ ಆಯಿ, ನಮ್ಮ ಕ್ಲಾಸಿನವರನ್ನ ಐದು ಸಲ ಕರಕೊಂಡು ಹೋಗು."