ದಂತವೈದ್ಯರಾಗುವ ಮುನ್ನ ಒಂದು ತಿಂಗಳು

ಮೇ, ಜೂನ್ ತಿಂಗಳೆಂದರೆ ನಮ್ಮ ಮನೆಗಳಲ್ಲಿ ಲೆಕ್ಕಾಚಾರದ ಕಾಲ. ಪಿಯುಸಿ ಫಲಿತಾಂಶ ಬಂದಿರುತ್ತದೆ, ನೀಟ್ ಪರೀಕ್ಷೆ ಮುಗಿದಿರುತ್ತದೆ. ಎಂ.ಬಿ.ಬಿ.ಎಸ್.ಗೆ ಅಂಕ ಸಾಲದು ಎಂದು ತಿಳಿದ ದಿನವೇ ಮನೆಯವರ ಬಾಯಲ್ಲಿ ಮುಂದಿನ ಮಾತು ಬರುತ್ತದೆ: "ಬಿ.ಡಿ.ಎಸ್. ಆದರೂ ಆಗಲಿ, ಹೆಸರಿನ ಮುಂದೆ ಡಾಕ್ಟರ್ ಅಂತ ಇರುತ್ತದಲ್ಲ!" ಈ 'ಆದರೂ ಆಗಲಿ' ಎಂಬ ಮಾತಿನ ಬೆಲೆ ಎಷ್ಟೆಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಐದು ವರ್ಷದ ಓದು, ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲ್ ಖರ್ಚು, ಬ್ಯಾಂಕಿನ ಸಾಲ, ಕೆಲವರ ಪಾಲಿಗೆ ಎರಡೆಕರೆ ಕಬ್ಬಿನ ಹೊಲ. ಇಷ್ಟನ್ನೂ ಪಣಕ್ಕಿಡುವ ಮೊದಲು ಮಗನೋ ಮಗಳೋ ಒಬ್ಬ ದಂತವೈದ್ಯರ ಪಕ್ಕದಲ್ಲಿ ನಿಂತು ಅವರ ಒಂದು ದಿನದ ಕೆಲಸವನ್ನು ನೋಡಿದ್ದುಂಟೆ? ಬಹುತೇಕ ಮನೆಗಳಲ್ಲಿ ಉತ್ತರ 'ಇಲ್ಲ'.

ಆದ್ದರಿಂದ ನಮ್ಮ ಸಲಹೆ ಇದು. ಕಾಲೇಜಿಗೆ ಅರ್ಜಿ ಹಾಕುವ ಮೊದಲು ಒಂದು ಖಾಸಗಿ ಹಲ್ಲಿನ ಕ್ಲಿನಿಕ್ಕಿಗೆ ಅರ್ಜಿ ಹಾಕಿ. ನಾಲ್ಕು ವಾರ ಅಲ್ಲಿದ್ದು ನೋಡಿ. ಆಮೇಲೆ ನಿರ್ಧರಿಸಿ.

ಓದಿನ ಮೊದಲೇ ಇಂಟರ್ನ್‌ಶಿಪ್?

ನಮ್ಮ ದೇಶದಲ್ಲಿ 'ಇಂಟರ್ನ್‌ಶಿಪ್' ಎಂದರೆ ಓದು ಮುಗಿದ ಮೇಲಿನ ಮಾತು. ಬಿ.ಡಿ.ಎಸ್. ಓದುವವರು ನಾಲ್ಕು ವರ್ಷ ತರಗತಿ ಮುಗಿಸಿ, ಕೊನೆಯ ಒಂದು ವರ್ಷ ಇಂಟರ್ನ್ ಆಗಿ ದುಡಿಯುತ್ತಾರೆ. ಅಮೆರಿಕದಂಥ ದೇಶಗಳಲ್ಲಿ ಕ್ರಮ ಬೇರೆ. ಅಲ್ಲಿ ದಂತವೈದ್ಯರಾಗಬೇಕೆನ್ನುವವರು ಮೊದಲು ಕಾಲೇಜಿನಲ್ಲಿ ಕೆಲವು ವರ್ಷ ಬೇರೆ ವಿಷಯಗಳನ್ನು ಓದುತ್ತಾರೆ. ಇವರಿಗೆ 'ಪ್ರೀ-ಡೆಂಟಲ್' ವಿದ್ಯಾರ್ಥಿಗಳು ಎಂದು ಹೆಸರು. ಆ ಅವಧಿಯಲ್ಲಿ ಖಾಸಗಿ ದಂತವೈದ್ಯರ ಬಳಿ ಇದ್ದು ಕೆಲಸ ನೋಡುತ್ತಾರೆ. ಅಲ್ಲಿನ ಅನೇಕ ದಂತ ಕಾಲೇಜುಗಳು ಪ್ರವೇಶದ ಸಮಯದಲ್ಲಿ ಹೀಗೆ ಎಷ್ಟು ಗಂಟೆ ಕಳೆದಿರಿ ಎಂದು ಕೇಳುತ್ತವೆ.

ನಮ್ಮಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು, 720 ಅಂಕಗಳ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು. ಇನ್ನೊಬ್ಬರ ಬಾಯಿಯೊಳಗೆ ದಿನವಿಡೀ ನೋಡುವ ಮನಸ್ಸಿದೆಯೇ ಎಂಬ ಪ್ರಶ್ನೆ ಯಾವ ಅರ್ಜಿಯಲ್ಲೂ ಇಲ್ಲ. ಕ್ಲಿನಿಕ್ಕಿನಲ್ಲಿ ಕಳೆದ ತಿಂಗಳಿಗೆ ಒಂದು ಅಂಕವೂ ಸಿಗದು. ಆದರೆ ಅಂಕಪಟ್ಟಿ ಹೇಳದ ಒಂದು ವಿಷಯವನ್ನು ಆ ತಿಂಗಳು ಹೇಳುತ್ತದೆ.

ಮಿರಜೆಯ ಪಾಠ

ಗಡಿ ಭಾಗದ ನಮ್ಮ ಜನರಿಗೆ ಮಿರಜ ಹೊಸ ಊರಲ್ಲ. ಕುಡಚಿ, ಉಗಾರ, ಶೇಡಬಾಳದ ಕಡೆಯಿಂದ ರೈಲು ಹತ್ತಿದವರಲ್ಲಿ ಎಷ್ಟೋ ಜನ ಕೈಯಲ್ಲಿ ಎಕ್ಸ್‌ರೇ ಹಿಡಿದುಕೊಂಡೇ ಮಿರಜಿನಲ್ಲಿ ಇಳಿಯುತ್ತಾರೆ. ಅಥಣಿಯವರು, ರಾಯಬಾಗದವರು, ಮಹಾರಾಷ್ಟ್ರಕ್ಕೆ ಸೇರಿದ ಜತ್ತ ತಾಲ್ಲೂಕಿನ ಕನ್ನಡಿಗರು, ಎಲ್ಲರಿಗೂ ದೊಡ್ಡ ದವಾಖಾನೆ ಎಂದರೆ ಮಿರಜೆಯದೇ.

ಈ ಹೆಸರು ಬಂದದ್ದು ಹೇಗೆ? ಕೆನಡಾದಲ್ಲಿ ಹುಟ್ಟಿದ ಡಾಕ್ಟರ್ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ಪ್ರೆಸ್ಬಿಟೇರಿಯನ್ ಮಿಷನರಿ 1889ರಲ್ಲಿ ಭಾರತಕ್ಕೆ ಬಂದು ಮೊದಲು ಸಾಂಗ್ಲಿಯಲ್ಲಿ ಸೇವೆ ಆರಂಭಿಸಿದರು. 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಮೂರೇ ವರ್ಷಗಳಲ್ಲಿ, 1897ರಲ್ಲಿ, ಆಸ್ಪತ್ರೆಯ ಜೊತೆಗೇ ವೈದ್ಯಕೀಯ ಶಾಲೆಯನ್ನೂ ಆರಂಭಿಸಿದರು. ರೋಗಿಯ ಮಂಚ ಒಂದು ಕಡೆ, ಪಾಠದ ಕೋಣೆ ಇನ್ನೊಂದು ಕಡೆ ಎಂಬ ದೂರ ಅಲ್ಲಿರಲಿಲ್ಲ. ಗುರುವಿನ ಕೈ ನೋಡಿ ಶಿಷ್ಯ ಕಲಿಯಬೇಕಿತ್ತು. ಸಾಂಗ್ಲಿ, ಮಿರಜಗಳ ನಡುವಿನ ವಾನ್ಲೆಸ್‌ವಾಡಿ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ. ಆದರೂ ಕ್ರಿಸ್ತನ ಪ್ರೀತಿಗೆ ಅವರು ಕೊಟ್ಟ ಸಾಕ್ಷ್ಯದ ಫಲವನ್ನು ನಾವೂ ಉಣ್ಣುತ್ತಿದ್ದೇವೆ.

ಮಿರಜಿನಲ್ಲಿ 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಸಾಂಗ್ಲಿಯಲ್ಲಿ ಭಾರತೀ ವಿದ್ಯಾಪೀಠದ ದಂತ ಕಾಲೇಜು, ಹತ್ತಿರದ ಕವಲಾಪುರದಲ್ಲಿ ವಸಂತದಾದಾ ಪಾಟೀಲರ ಹೆಸರಿನ ದಂತ ಕಾಲೇಜು ಬಂದವು. ಹೀಗಾಗಿ ಸುಮಾರು ಹತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ಹಲ್ಲಿನ ಡಾಕ್ಟರ ಫಲಕಗಳಿಗೆ ಬರವಿಲ್ಲ. ಕೇಳಿದರೆ ಒಂದು ಬಾಗಿಲಾದರೂ ತೆರೆದೀತು. ಆದರೆ ಕೇಳುವ ರೀತಿ ತಿಳಿದಿರಬೇಕು.

ಅರ್ಜಿ ಹಾಕುವುದು ಹೇಗೆ?

ಮೊದಲನೆಯದಾಗಿ, ಅರ್ಜಿ ನಿಮ್ಮದೇ ಆಗಿರಲಿ. ಅಪ್ಪ ಮಾತನಾಡಿ, ಮಗ ಹಿಂದೆ ನಿಂತು ನೆಲ ನೋಡುತ್ತಿದ್ದರೆ ಯಾವ ಡಾಕ್ಟರರಿಗೂ ನಂಬಿಕೆ ಹುಟ್ಟುವುದಿಲ್ಲ. ಒಂದು ಪುಟದ ಪತ್ರ ಸಾಕು. ನೀವು ಯಾರು, ಎಲ್ಲಿ ಓದಿದಿರಿ, ದಂತವೈದ್ಯಕೀಯದ ಬಗ್ಗೆ ಏಕೆ ಯೋಚಿಸುತ್ತಿದ್ದೀರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ಹೊತ್ತು ಬರಬಲ್ಲಿರಿ ಎಂಬುದನ್ನು ಬರೆಯಿರಿ. ಜನಸೇವೆಯೇ ನನ್ನ ಉಸಿರು ಎಂಬಂಥ ದೊಡ್ಡ ಮಾತು ಬೇಡ. "ಈ ಕೆಲಸ ನನಗೆ ಹೊಂದುತ್ತದೆಯೋ ಇಲ್ಲವೋ ತಿಳಿಯಬೇಕಾಗಿದೆ" ಎಂಬ ನೇರ ಮಾತಿಗೆ ಹೆಚ್ಚು ತೂಕ.

ಎರಡನೆಯದಾಗಿ, ಪತ್ರದಲ್ಲಿ ಒಂದು ವಾಕ್ಯ ಸ್ಪಷ್ಟವಾಗಿರಲಿ: "ನಾನು ರೋಗಿಗಳನ್ನು ಮುಟ್ಟುವುದಿಲ್ಲ, ಅವರ ವಿಷಯವನ್ನು ಹೊರಗೆ ಹೇಳುವುದಿಲ್ಲ." ನೋಂದಣಿ ಇಲ್ಲದವರು ದಂತಚಿಕಿತ್ಸೆ ಮಾಡಬಾರದೆಂಬುದು 1948ರ ದಂತವೈದ್ಯರ ಕಾಯಿದೆಯಿಂದ ಬಂದ ನಿಯಮ. 2023ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದಾಗಲೂ ಈ ತತ್ವ ಬದಲಾಗಲಿಲ್ಲ. ಕಲಿಯಲು ಬಂದ ಹುಡುಗನ ಕೈಗೆ ಸೂಜಿ ಕೊಡುವ ಕ್ಲಿನಿಕ್ ಇದ್ದರೆ ಅಲ್ಲಿಂದ ಮರುದಿನವೇ ಹೊರಬನ್ನಿ.

ಮೂರನೆಯದಾಗಿ, ಹೊತ್ತು ನೋಡಿ ಹೋಗಿ. ಸಂಜೆ ಬೆಂಚಿನ ತುಂಬ ರೋಗಿಗಳಿರುವಾಗ ಹೋಗಿ ಪತ್ರ ಚಾಚಬೇಡಿ. ಡಾಕ್ಟರರಿಗೆ ಯಾವಾಗ ಬಿಡುವು ಎಂದು ಕೌಂಟರಿನಲ್ಲಿ ಕೇಳಿ, ಆ ಹೊತ್ತಿಗೆ ಹೋಗಿ. ಒಬ್ಬರು ಆಗದು ಎಂದರೆ ಕೈಮುಗಿದು ಇನ್ನೊಬ್ಬರ ಬಳಿಗೆ ಹೋಗಿ. ಕ್ಲಿನಿಕ್ ಚಿಕ್ಕದಿರಬಹುದು, ರೋಗಿಗಳ ಸಂಕೋಚವೂ ಇರುತ್ತದೆ. ನಿರಾಕರಿಸಿದವರು ಕೆಟ್ಟವರಲ್ಲ.

ನಾಲ್ಕನೆಯದು ಹಣದ ವಿಷಯ. ಸಂಬಳ ಕೇಳಬೇಡಿ, ಹಣ ಕೊಟ್ಟು ಪ್ರಮಾಣಪತ್ರ ಕೊಳ್ಳಲೂಬೇಡಿ. ಹೆಣ್ಣುಮಕ್ಕಳನ್ನು ಕಳುಹಿಸುವ ತಂದೆತಾಯಿಯರು ತಾವೇ ಒಮ್ಮೆ ಹೋಗಿ ಕ್ಲಿನಿಕ್ ನೋಡಿ, ಅಲ್ಲಿ ಮಹಿಳಾ ಸಿಬ್ಬಂದಿ ಇದ್ದಾರೆಯೇ, ಮನೆಗೆ ಮರಳಲು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಧರ್ಮಕೇಂದ್ರದ ಗುರುಗಳಿಂದ ಪರಿಚಯಪತ್ರ ಕೇಳುವವರಿದ್ದಾರೆ. ಸಂತೋಷದಿಂದ ಕೊಡುತ್ತೇವೆ. ಆದರೆ ನಮಗೆ ತಿಳಿದದ್ದನ್ನು ಮಾತ್ರ ಬರೆಯುತ್ತೇವೆ. ಯುವಕೂಟದಲ್ಲಿ ಒಪ್ಪಿಕೊಂಡ ಕೆಲಸವನ್ನು ಪೂರ್ಣ ಮಾಡಿದವರ ಬಗ್ಗೆ ನಾಲ್ಕು ಸಾಲು ಬರೆಯುವುದು ಸುಲಭ. ಭಾನುವಾರದ ಬಲಿಪೂಜೆಯಲ್ಲೂ ಕಾಣದವರ ಬಗ್ಗೆ ಏನು ಬರೆಯುವುದು?

ಅಲ್ಲಿ ಕಾಣುವುದೇನು?

ಮೊದಲ ವಾರ ಬೇಸರವಾಗುತ್ತದೆ. ಹೆಚ್ಚಿನ ಕೆಲಸ ತೊಳೆಯುವುದು, ಒರೆಸುವುದು, ಬರೆಯುವುದು. ಬಳಸಿದ ಉಪಕರಣಗಳನ್ನು ಸಿಬ್ಬಂದಿ ತೊಳೆದು ಆಟೋಕ್ಲೇವ್‌ನಲ್ಲಿಟ್ಟು, 121 ಡಿಗ್ರಿ ಶಾಖದ ಹಬೆಯ ಒತ್ತಡದಲ್ಲಿ ಕಾಲು ಗಂಟೆ ಶುದ್ಧಗೊಳಿಸುತ್ತಾರೆ. 2016ರ ಜೈವಿಕ ತ್ಯಾಜ್ಯ ನಿಯಮದಂತೆ ಕಿತ್ತ ಹಲ್ಲು, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು. ಆದ್ದರಿಂದ ಒಂದು ತಿಂಗಳಿಗೆ ಬಂದವರು ಬಳಸಿದ ಹರಿತವಾದ ಉಪಕರಣಗಳನ್ನು ಮುಟ್ಟದೆ ದೂರ ನಿಂತು ನೋಡುವುದೇ ಸರಿ. ಈ ಶಿಸ್ತು ಯಾರಿಗೆ ಕಿರಿಕಿರಿಯೋ ಅವರಿಗೆ ಮುಂದಿನ ಮೂವತ್ತು ವರ್ಷವೂ ಕಿರಿಕಿರಿಯೇ.

ಎರಡನೆಯ ವಾರದ ಹೊತ್ತಿಗೆ ರೋಗಿಗಳ ಮುಖ ಕಾಣಲಾರಂಭಿಸುತ್ತದೆ. ಕನ್ನಡ ಬಲ್ಲ ಹುಡುಗ ಹುಡುಗಿಯರಿಗೆ ಇಲ್ಲಿ ಒಂದು ಬೆಲೆಯಿದೆ. ಡಾಕ್ಟರರು ಮರಾಠಿಯವರು, ಕುರ್ಚಿಯಲ್ಲಿ ಕುಳಿತ ಅಜ್ಜಿ ಅಥಣಿಯ ಕಡೆಯವಳು. "ತಣ್ಣೀರ ಕುಡದ್ರ ಜುಮ್ ಅಂತೈತ್ರಿ" ಎಂಬುದಕ್ಕೂ, "ರಾತ್ರಿ ಎಲ್ಲಾ ಸಿಡೀತೈತ್ರಿ" ಎಂಬುದಕ್ಕೂ ಚಿಕಿತ್ಸೆಯಲ್ಲಿ ಬಹಳ ವ್ಯತ್ಯಾಸವಿದೆ. ಮೊದಲನೆಯದು ಹಲ್ಲಿನ ಮೇಲ್ಪದರ ಸವೆದ ಸೂಚನೆಯಿರಬಹುದು, ಎರಡನೆಯದು ಹುಳುಕು ಒಳಗಿನ ನರದವರೆಗೆ ಮುಟ್ಟಿದ ಸೂಚನೆಯಿರಬಹುದು. ಆ ಮಾತನ್ನು ಬದಲಿಸದೆ ಡಾಕ್ಟರರಿಗೆ ತಲುಪಿಸುವುದೂ ಸೇವೆಯೇ.

ಈ ಭಾಗದ ಬಾಯಿಗಳಲ್ಲಿ ತಂಬಾಕಿನ ಕಥೆ ಬರೆದಿರುತ್ತದೆ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಆದರೂ ಚಟ ಹೋಗಿಲ್ಲ. ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಹೆಂಗಸರು ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹಲ್ಲು ನೋವೆಂದು ಬಂದವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಾಗ ದಂತವೈದ್ಯರು ಹಲ್ಲನ್ನು ಬದಿಗಿಟ್ಟು, "ಇದನ್ನು ಇವತ್ತೇ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ" ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳುವಾಗ ಅವರ ದನಿ ಹೇಗಿರುತ್ತದೆ ಎಂಬುದನ್ನು ಯಾವ ಪುಸ್ತಕವೂ ಕಲಿಸದು.

ಇಬ್ಬರ ನಿರ್ಧಾರ

ನಮ್ಮ ಸಲಹೆ ಕೇಳಿ ಹೀಗೆ ಹೋದ ಇಬ್ಬರನ್ನು ನಾವು ಬಲ್ಲೆವು. ಹೆಸರು ಬೇಡ. ಒಬ್ಬಳ ತಂದೆ ಹೊಲ ಒತ್ತೆಯಿಡಲು ಸಿದ್ಧರಾಗಿದ್ದರು. ಮಗಳು ಮಿರಜಿನ ಒಂದು ಕ್ಲಿನಿಕ್ಕಿನಲ್ಲಿ ನಾಲ್ಕು ವಾರ ಇದ್ದಳು. ರಕ್ತಕ್ಕೆ ಹೆದರಲಿಲ್ಲ, ವಾಸನೆಗೆ ಮುಖ ತಿರುಗಿಸಲಿಲ್ಲ. ಹಿಂದಿರುಗಿ ಬಂದು, "ಫಾದರ್, ಇದೇ ಓದುತ್ತೇನೆ. ಆದರೆ ಹೊಲ ಮಾರಿ ಬೇಡ. ಇನ್ನೊಂದು ವರ್ಷ ಓದಿ ಮತ್ತೆ ನೀಟ್ ಬರೆಯುತ್ತೇನೆ" ಎಂದಳು. ಮರುವರ್ಷ ಅವಳಿಗೆ ಕಡಿಮೆ ಶುಲ್ಕದ ಸೀಟು ಸಿಕ್ಕಿತು.

ಇನ್ನೊಬ್ಬ ಹುಡುಗ ಎರಡನೆಯ ವಾರವೇ ಕಳೆಗುಂದಿದ. ನೋವಿನಿಂದ ಅಳುವ ಮಕ್ಕಳನ್ನು ಅವನಿಂದ ನೋಡಲಾಗಲಿಲ್ಲ. ಆದರೆ ಕೃತಕ ಹಲ್ಲುಗಳನ್ನು ತಯಾರಿಸುವ ಲ್ಯಾಬಿಗೆ ಅಚ್ಚು ಒಯ್ದು ಕೊಡುವಾಗ ಅಲ್ಲೇ ಗಂಟೆಗಟ್ಟಲೆ ನಿಂತುಬಿಡುತ್ತಿದ್ದ. ಮೇಣದಲ್ಲಿ ಹಲ್ಲು ಕೆತ್ತುವ ಕೈಗಳು ಅವನನ್ನು ಸೆಳೆದವು. ಡೆಂಟಲ್ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸು ಇದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಡಾಕ್ಟರ್' ಎಂಬ ಪದ ಕೈತಪ್ಪಿತೆಂದು ತಾಯಿ ಕೆಲವು ದಿನ ಅತ್ತರು. ಇಂದು ಅವನು ತನ್ನ ದುಡಿಮೆಯಿಂದ ತಂಗಿಯನ್ನು ಓದಿಸುತ್ತಿದ್ದಾನೆ.

ಇವರಿಬ್ಬರಲ್ಲಿ ಗೆದ್ದವರು ಯಾರು, ಸೋತವರು ಯಾರು? ಇಬ್ಬರೂ ಕಣ್ಣಾರೆ ಕಂಡು ಆರಿಸಿಕೊಂಡರು. ಅಷ್ಟೇ ಮುಖ್ಯ.

ಇದೂ ಒಂದು ಕರೆ

ದೈವಕರೆ ಎಂದ ಕೂಡಲೇ ನಮ್ಮ ಜನ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಮಾತ್ರ ನೆನೆಯುತ್ತಾರೆ. ಗುರುಮಠ ಸೇರಬೇಕೆನ್ನುವ ಹುಡುಗನನ್ನು ಧರ್ಮಸಭೆ ತಕ್ಷಣ ಸೇರಿಸಿಕೊಳ್ಳುವುದಿಲ್ಲ. ಮೊದಲು ದೈವಕರೆಯ ಶಿಬಿರಕ್ಕೆ ಕರೆಯುತ್ತದೆ. ಅಲ್ಲಿ ಪ್ರಾರ್ಥಿಸು, ಪಾತ್ರೆ ತೊಳೆ, ಆಟವಾಡು, ನಮ್ಮನ್ನು ನೋಡು, ನಾವೂ ನಿನ್ನನ್ನು ನೋಡುತ್ತೇವೆ ಎನ್ನುತ್ತದೆ. ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೇಸುವಿನ ವಾಸ ಎಲ್ಲಿ ಎಂದು ಕೇಳುತ್ತಾರೆ. ಪ್ರಭು ವಿಳಾಸ ಹೇಳುವುದಿಲ್ಲ, ಬಂದು ನೋಡಲು ಕರೆಯುತ್ತಾರೆ. ಅವರು ಹೋಗಿ ಆ ದಿನವನ್ನು ಅವರೊಡನೆ ಕಳೆಯುತ್ತಾರೆ. ಗುರುತ್ವಕ್ಕೆ ಅನ್ವಯಿಸುವ ಈ ವಿವೇಕ ವೈದ್ಯವೃತ್ತಿಗೆ ಏಕೆ ಬೇಡ?

ದಂತವೈದ್ಯರ ಪಾಲಕಿ ಸಂತ ಅಪೊಲೋನಿಯ. 249ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ವಿಶ್ವಾಸಕ್ಕಾಗಿ ರಕ್ತಸಾಕ್ಷಿಯಾದ ವೃದ್ಧೆ. ಹಿಂಸಕರು ಆಕೆಯ ಹಲ್ಲುಗಳನ್ನು ಮುರಿದರು. ಫೆಬ್ರವರಿ 9 ಆಕೆಯ ಸ್ಮರಣೆಯ ದಿನ. ಹಲ್ಲುನೋವಿನಲ್ಲಿ ಜನ ಆಕೆಯನ್ನು ನೆನೆಯುವುದು ಆಕೆ ಸ್ವತಃ ಆ ನೋವನ್ನು ಬಲ್ಲಳೆಂದು. ಹಲ್ಲಿನ ಡಾಕ್ಟರಾಗುವವರಿಗೂ ಬೇಕಾದ ಮೊದಲ ಅರ್ಹತೆ ಎದುರಿನವರ ನೋವನ್ನು ಅರಿಯುವ ಮನಸ್ಸು.

ತಂದೆತಾಯಿಯರೇ, ಈ ವರ್ಷ ನಿಮ್ಮ ಮನೆಯಲ್ಲಿ ಇಂಥ ಲೆಕ್ಕಾಚಾರ ನಡೆದಿದ್ದರೆ ಹೊಲದ ಕಾಗದ ಹೊರತೆಗೆಯುವ ಮುನ್ನ ಮಗುವಿಗೆ ಒಂದು ತಿಂಗಳು ಕೊಡಿ. ಹಲ್ಲಿನ ಡಾಕ್ಟರರಾಗಿರುವ ನಮ್ಮ ಧರ್ಮಕೇಂದ್ರಗಳ ಸೋದರ ಸೋದರಿಯರೇ, ಅರ್ಜಿ ಹಿಡಿದು ಬಂದ ಮಗುವನ್ನು ಸಾಧ್ಯವಾದರೆ ಒಳಗೆ ಕರೆಯಿರಿ, ಕುರ್ಚಿಯ ಪಕ್ಕದಲ್ಲಿ ಒಂದಡಿ ಜಾಗ ಕೊಡಿ. ಸರಿಯಾದ ದಾರಿಯನ್ನು ಆರಿಸಿಕೊಳ್ಳುವ ವಿವೇಕವನ್ನು ಪ್ರಭು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಅವರ ಆಯ್ಕೆಯನ್ನು ಸ್ವೀಕರಿಸುವ ಮನಸ್ಸನ್ನು ನಮಗೂ ಕೊಡಲಿ.